ಗಿರಣಿ ದಿಬ್ಬದ ಹೆರ್ಲುಫ್ ಮಾವ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಮ್ಮ ಡೆನ್ಮಾರ್ಕಿನ ಬೆಟ್ಟ ಹತ್ತಿರ ಹೋದರೂ ನುಣ್ಣಗೇ. ದೇಶಕ್ಕೇ ಎತ್ತರದ ಜಾಗ ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಗುಡ್ಡವನ್ನು ಮಂಡಿನೋವಿನ ಮುದುಕಿಯೂ ಹರಟೆ ನಿಲ್ಲಿಸದೆ ಹತ್ತಿ ಇಳಿಯಬಹುದು. ಆದರೆ ನಮ್ಮ ಅಜ್ಜ ಲಾವ್ರಿಡ್ಸ್ ಬದುಕಿದ್ದಾಗ ಅವನ ಅಂಗಳದಲ್ಲಿ ನಿಂತು ಈ ಮಾತನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಜ್ಜನ ಲೆಕ್ಕದಲ್ಲಿ ಅದು ಪರ್ವತ.

ಆ ಗುಡ್ಡ ನಮ್ಮ ಐಯರ್ ಹಳ್ಳಿಯ ಬೆನ್ನಿಗೇ ಇದೆ. ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಕಟ್ಟಿದ್ದಾರೆ, ಹಾಗಾಗಿ ನಮಗೆಲ್ಲ ಅದು ಗೋಪುರದ ಗುಡ್ಡ. ಅತ್ತ ಯುಡಿಂಗ್ ಊರಿನವರು ತಮ್ಮ ಕಾಡಿನ ದಿಬ್ಬವೇ ಹೆಚ್ಚು ಎತ್ತರ ಅಂತ ತಗಾದೆ ತೆಗೆಯುತ್ತಿದ್ದರು.

"ಅದರ ಮೇಲೆ ಹಳೇ ಕಾಲದೋರ ಗೋರಿ ಇದೆ ಕಣಯ್ಯ," ಅನ್ನುತ್ತಿದ್ದ ಅಜ್ಜ. "ಸತ್ತೋರ ಹೆಗಲ ಮೇಲೆ ನಿಂತ್ರೆ ಯಾರ್ ಬೇಕಾದ್ರೂ ಉದ್ದ ಕಾಣ್ತಾರೆ."

ಈ ಅಜ್ಜನ ಎರಡನೇ ಮಗಳು ಬೋದಿಲ್ ನನಗೆ ಸೋದರತ್ತೆ. ಅವಳ ಗಂಡ ಹೆರ್ಲುಫ್ ಮಾವ. ನಾನು ಹೇಳಹೊರಟಿರುವುದು ಈ ಮಾವನ ವಿಷಯ.

ಮಾವ ನಮ್ಮ ಕಡೆಯವನಲ್ಲ. ತೆಂಕಣ ತುದಿಯ ಲೊಲಾಂಡ್ ದ್ವೀಪದವನು. ಅಲ್ಲಿನ ನೆಲ ರೊಟ್ಟಿ ಕಾವಲಿಯಷ್ಟು ಮಟ್ಟಸ, ಕೆಲವು ಕಡೆ ಸಮುದ್ರಕ್ಕಿಂತಲೂ ತಗ್ಗು. ಕಟ್ಟೆ ಕಟ್ಟಿ ನೀರನ್ನು ಆಚೆ ನಿಲ್ಲಿಸಿ ಈಚೆ ಬೀಟ್‌ರೂಟ್ ಬೆಳೆಯುತ್ತಾರೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಮಾವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಕಟ್ಟೆಯ ಬುಡದಲ್ಲಿ ನಿಲ್ಲಿಸಿ, ತನ್ನ ದಪ್ಪ ಬೆರಳಿನಿಂದ ನನ್ನ ತಲೆಯ ಮೇಲೊಂದು ಗೆರೆ ಎಳೆದಂತೆ ಮಾಡಿ ತೋರಿಸಿದ.

"ಸಮುದ್ರ ಇಲ್ಲೀತನಕ ಬರುತ್ತೆ ಸಿಸ್ಸೆಲ್. ನಾವು ಮೀನಿನ ಕೆಳಗಿನ ಜನ. ನಮಗೆ ಎಲ್ಲಾ ನೆಲಾನೂ ಬೆಟ್ಟಾನೇ."

ಆಮೇಲೆ ಇಬ್ಬರೂ ಕಟ್ಟೆ ಹತ್ತಿ ಕೂತು, ಕಪ್ಪು ಬ್ರೆಡ್ಡಿನ ಮೇಲೆ ಉಪ್ಪು ಮೀನು ಇಟ್ಟುಕೊಂಡು ತಿಂದೆವು. ಆ ಗಾಳಿ, ಆ ಮೀನಿನ ರುಚಿ, ಮಾವನ ಕೋಟಿನಿಂದ ಬರುತ್ತಿದ್ದ ಹುಳಿ ಮಜ್ಜಿಗೆಯ ವಾಸನೆ ನನಗೆ ಈಗಲೂ ಬೇಕು ಅನ್ನಿಸುತ್ತದೆ. ದುಡ್ಡು ಕೊಟ್ಟರೆ ಸಿಗುವ ವಸ್ತುಗಳಲ್ಲ ಅವು.

ಮಜ್ಜಿಗೆಯ ವಾಸನೆ ಯಾಕೆಂದರೆ ಮಾವ ಡೈರಿಯವನು. ಎಳೆಯ ವಯಸ್ಸಿನಲ್ಲೇ ಕೆಲಸ ಹುಡುಕಿಕೊಂಡು ನಮ್ಮೂರ ಸಹಕಾರಿ ಡೈರಿಗೆ ಬಂದು, ಚೀಸ್ ಒತ್ತುವುದನ್ನು ಕಲಿತ. ಮಾತು ಕಮ್ಮಿ. ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಬರುವುದರೊಳಗೆ ಕಾಫಿ ಆರಿಹೋಗುತ್ತಿತ್ತು. ಬೋದಿಲ್ ಅತ್ತೆ ಅದಕ್ಕೆ ತದ್ವಿರುದ್ಧ. ಅವಳು ಮಾತಿನ ಮಲ್ಲಿ, ಬೆಟ್ಟದ ಹುಡುಗಿ. ಕೋಪನ್‌ಹೇಗನ್‌ನಿಂದ ಬರುವ ಪೇಟೆಯ ಜನರನ್ನು ಗೋಪುರದವರೆಗೆ ಕರೆದೊಯ್ದು, "ಇಲ್ಲಿ ಜಾರುತ್ತೆ, ಹುಷಾರು" ಅಂತ ಹೆದರಿಸಿ ಬಿಡಿಗಾಸು ಸಂಪಾದಿಸುತ್ತಿದ್ದಳಂತೆ. "ನಮ್ಮ ಬೋದಿಲ್ ಕಣ್ಣು ಕಟ್ಟಿ ಬಿಟ್ರೂ ಗೋಪುರ ಮುಟ್ತಾಳೆ" ಅಂತ ಅಜ್ಜ ಊರಿಗೆಲ್ಲ ಸಾರುತ್ತಿದ್ದ.

ಅಂಥ ಮಗಳು ಆ ತಗ್ಗಿನ ನಾಡಿನ ಚೀಸ್ ಒತ್ತುವವನನ್ನು ಮದುವೆಯಾಗುತ್ತೇನೆ ಅಂದಾಗ ಅಜ್ಜ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ಆ ಕಪ್ಪೆಗಳ ನಾಡಿನವನ ಜೊತೆ ಸೇರಿ ನಿಂಗೂ ಬುದ್ಧಿ ತಗ್ಗಿಗೆ ಇಳೀತಾ ಇದೆ," ಅಂದ. "ಆಗ್ಲಿ, ಕರ್ಕೊಂಬಾ. ಸಂವಿಧಾನದ ದಿನ ನಾವೆಲ್ಲ ಗೋಪುರದ ಹತ್ರ ಇರ್ತೀವಿ. ಎಲ್ಲರ ಹಾಗೆ ಅವನೂ ಹತ್ತಿ ಬರ್ಲಿ."

ಇದೊಂದು ನಮ್ಮ ಮನೆಯ ಕಟ್ಟಳೆ. ಅಜ್ಜನ ಮನೆಗೆ ಅಳಿಯನಾಗಿ ಬರುವವನು ಜೂನ್ ಐದರ ಸಂವಿಧಾನದ ದಿನ ಗೋಪುರದ ಗುಡ್ಡ ಹತ್ತಿ, ಅಲ್ಲಿ ಎಲ್ಲರ ಜೊತೆ ಹಾಡಿ, ಅಜ್ಜನ ಕೈಯಿಂದ ಚಿಕ್ಕ ಬೆಳ್ಳಿ ಬಟ್ಟಲಿನಲ್ಲಿ ಒಂದು ಗುಟುಕು ಸ್ನಾಪ್ಸ್ ಸಾರಾಯಿ ಕುಡಿಯಬೇಕು. ಕುಡಿದವನಿಗೆ ಅಜ್ಜನ ಅಂಗಳದ ಕಂಬದಲ್ಲಿ ದೇಶದ ಧ್ವಜ ಏರಿಸುವ ಹಕ್ಕು. ನಮ್ಮಲ್ಲಿ ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಸಾವಿರಲಿ, ಧ್ವಜ ಏರದೆ ಏನೂ ನಡೆಯುವುದಿಲ್ಲ. ಹಗ್ಗ ಹಿಡಿದವನೇ ಮನೆಯವನು. ಬೂಟಿನ ಅಂಗಡಿ ಇಟ್ಟಿದ್ದ ದೊಡ್ಡತ್ತೆಯ ಗಂಡ ಏದುಸಿರು ಬಿಡುತ್ತಲೇ ಈ ಪರೀಕ್ಷೆ ಪಾಸಾಗಿದ್ದ.

ಅರವತ್ತರ ದಶಕದ ಆ ಜೂನ್ ತಿಂಗಳ ಸಂವಿಧಾನದ ದಿನ ಆಕಾಶವೇ ಜಾರಿ ನೆಲಕ್ಕೆ ಬಿದ್ದಿತ್ತಂತೆ. ಜಿಟಿಜಿಟಿ ಮಳೆ, ಅದರ ಮೇಲೆ ದಟ್ಟ ಮಂಜು. ಚಾಚಿದ ಕೈ ಕಾಣದು. ಅಜ್ಜ, ಅಜ್ಜಿ, ದೊಡ್ಡತ್ತೆಯ ಸಂಸಾರ, ಆಗ ಮೀಸೆ ಮೂಡುತ್ತಿದ್ದ ನನ್ನ ಅಪ್ಪ ಎಸ್ಕಿಲ್, ಎಲ್ಲರೂ ಹಳ್ಳಿಯ ರಸ್ತೆಯಲ್ಲಿ ಹೋಗಿ ಗೋಪುರದ ಬುಡದಲ್ಲಿ ಕೊಡೆ ಹಿಡಿದು ನಿಂತರು. ಮಾವನಿಗೆ ಡೈರಿಯಲ್ಲಿ ಬೆಳಗಿನ ಪಾಳಿ. ಅದು ಮುಗಿದ ಮೇಲೆ ಅವನೂ ಅತ್ತೆಯೂ ಇನ್ನೊಂದು ಮಗ್ಗುಲಿಂದ, ಹೊಲಗಳ ಮೇಲೆ ಹೊರಟರು.

ಬೇರೆ ದೇಶದ ಬೆಟ್ಟಗಳಲ್ಲಿ ಮಂಜಿಗೆ ಸಿಕ್ಕವರು ಪ್ರಪಾತಕ್ಕೆ ಬೀಳುತ್ತಾರೆ, ಹಿಮದಲ್ಲಿ ಹೂತು ಹೋಗುತ್ತಾರೆ. ನಮ್ಮಲ್ಲಿ ಅಂಥ ಭಾಗ್ಯವಿಲ್ಲ. ಇಲ್ಲಿ ಆಗಬಹುದಾದ ಅನಾಹುತ ಒಂದೇ. ತುದಿ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಕಾಲಿಗೆ ಏರು ಹತ್ತುವುದು ನಿಂತಿತು ಅಂದರೆ ಅದು ತುದಿ, ಅಷ್ಟೇ. ಇವರಿಬ್ಬರೂ ಒಂದು ಬೇಲಿ ದಾಟಿದರು, ಏರಿದರು, ಏರು ನಿಂತಿತು. ಗೋಪುರ ಕಾಣಲಿಲ್ಲ. ಮಂಜಿನಲ್ಲಿ ಅಲ್ಲೇ ಎಲ್ಲೋ ಇರಬೇಕು ಅಂದುಕೊಂಡು ಕಾದರು. ಕಾದು ಕಾದು ಸಾಕಾಗಿ, ಜೇಬಿನಲ್ಲಿದ್ದ ಕಾಗದದ ಧ್ವಜವನ್ನು ನೆಲಕ್ಕೆ ಚುಚ್ಚಿ, ಹಾಡು ಹೇಳಿ, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹಂಚಿಕೊಂಡು ಕುಡಿದರು.

ಅತ್ತ ಗೋಪುರದ ಬುಡದಲ್ಲಿ ಅಜ್ಜನ ಗುಂಪೂ ಹಾಡುತ್ತಿತ್ತು. ಅಜ್ಜನ ಸಹನೆ ಮುಗಿದು ಎಲ್ಲರೂ ಇಳಿಯಲು ಹೊರಟಾಗ ಗಾಳಿ ಬೀಸಿ, ಪರದೆ ಸರಿಸಿದ ಹಾಗೆ ಮಂಜು ಸರಿಯಿತು. ಮೊದಲು ಕಂಡವನು ನನ್ನ ಅಪ್ಪ.

"ಅಪ್ಪಾ, ಅಲ್ನೋಡು. ಹಸುಗಳ ಮಧ್ಯ ಯಾರೋ ಬಾವುಟ ನೆಟ್ಟವ್ರೆ."

ಕೂಗಿದರೆ ಕೇಳುವಷ್ಟು ದೂರದಲ್ಲಿ, ಬೇಲಿಯಾಚೆಯ ಗೋಮಾಳದಲ್ಲಿ, ಹಿಂದೆ ಗಾಳಿಗಿರಣಿ ಇದ್ದ ದಿಬ್ಬದ ಮೇಲೆ ಮಾವ ಟೋಪಿ ತೆಗೆದು ಸೆಟೆದು ನಿಂತಿದ್ದಾನೆ. ಪಕ್ಕದಲ್ಲಿ ಅತ್ತೆ. ಸುತ್ತ ಹಸುಗಳು ಮೆಲುಕು ಹಾಕುತ್ತ ಸಭೆ ಕೂತಿವೆ. ಅಜ್ಜ ಬೇಲಿಯ ತನಕ ಬಂದ. ಮಾವ ದಾಪುಗಾಲು ಹಾಕಿ ಮುಂದೆ ಬಂದು, ಅತ್ತೆ ಬಾಯಿ ತೆರೆಯುವ ಮೊದಲೇ ಹೇಳಿದನಂತೆ.

"ತಪ್ಪು ನಂದು. ನಾನೇ ಈ ಕಡೆ ಎಳ್ಕೊಂಬಂದೆ. ನಾನು ಬಯಲಿನವನು, ನಂಗೆ ಗುಡ್ಡ ಯಾವ್ದು, ದಿಬ್ಬ ಯಾವ್ದು ಅಂತ ಗೊತ್ತಾಗ್ಲಿಲ್ಲ."

ಅಜ್ಜ ನಗಲು ಶುರು ಮಾಡಿದವನು ಮನೆ ಮುಟ್ಟುವವರೆಗೆ ನಿಲ್ಲಿಸಲಿಲ್ಲ. ಆ ನಗುವಿನ ಭರದಲ್ಲಿ ಮದುವೆಗೆ ಬೇಡ ಅನ್ನುವುದನ್ನೂ ಮರೆತುಬಿಟ್ಟ. ಹಾಗೆ ಮದುವೆ ಆಯಿತು. ಬಟ್ಟಲು ಮಾತ್ರ ಸಿಗಲಿಲ್ಲ, ಹಗ್ಗವೂ ಸಿಗಲಿಲ್ಲ. ಮುಂದಿನ ವರ್ಷ ಹತ್ತಲಿ ಅಂತ ಅಜ್ಜಿ ಹೇಳಿ ನೋಡಿದಳು. ಆಗಲ್ಲ, ಹತ್ತಿದರೆ ಮೊದಲ ಸಲಕ್ಕೇ ಹತ್ತಬೇಕು ಅಂದ ಅಜ್ಜ. ಅಳಿಯ ಅಲ್ಲ, ಮಗಳ ಗಂಡ ಅಂತ ಜನ ನಗೆಚಾಟಿಕೆಗೆ ಹೇಳುತ್ತಾರೆ. ನಮ್ಮ ಅಜ್ಜನ ಮನೆಯಲ್ಲಿ ಅವೆರಡೂ ನಿಜಕ್ಕೂ ಬೇರೆ ಬೇರೆ ಪದವಿಗಳಾದವು.

ಅಜ್ಜ ಹೋದ ಮೇಲೆ ಮನೆಯೂ, ಕಂಬವೂ, ತಮಾಷೆಯೂ ಅಪ್ಪನ ಪಾಲಿಗೆ ಬಂದವು. ಭಾವ ಮೈದುನರ ಚೇಷ್ಟೆ ಎಲ್ಲ ಕಡೆಯೂ ಇರುವುದೇ. ಆದರೆ ಅಪ್ಪನದು ಒಂದೇ ರಾಗ. ಮಾವ ಅಂಗಡಿಗೆ ಎದ್ದರೆ, "ಭಾವ, ದಾರಿ ಗೊತ್ತಲ್ಲ? ಇಲ್ದಿದ್ರೆ ಹಸುಗಳನ್ನ ಕೇಳ್ಕೊಂಡ್ ಹೋಗು." ಮಾವ ಕಕ್ಕಸಿಗೆ ಹೋಗಿ ಬಂದರೆ, "ಏನ್ ಭಾವ, ಗೋಪುರ ಸಿಕ್ತಾ?" ಯಾರದಾದರೂ ಹುಟ್ಟುಹಬ್ಬದಲ್ಲಿ ಕೇಕು ಕತ್ತರಿಸಿ ಕಾಫಿಗೆ ಸ್ನಾಪ್ಸ್ ಬೆರೆಸಿಕೊಂಡು ಕೂತರೆ ಸಾಕು, ಮಂಜಿನ ಕಥೆ ಮೊದಲಿನಿಂದ ಶುರು. ಅಪ್ಪ ಎದ್ದು ನಿಂತು ಹಸುವಿನ ಹಾಗೆ ಮೆಲುಕು ಹಾಕಿ ತೋರಿಸುತ್ತಿದ್ದ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಮಾವನೂ ನಗುತ್ತಿದ್ದ. ಬೋದಿಲ್ ಅತ್ತೆ ಮಾತ್ರ ಅಷ್ಟು ಹೊತ್ತಿಗೆ ಕಾಫಿ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಗಂಡನಿಗೆ ಆಗುವ ಅವಮಾನ ನೋಡಲಾರಳು ಅಂತ ನಾನು ಅಂದುಕೊಂಡಿದ್ದೆ.

ಡೈರಿ ಮುಚ್ಚಿದ ಮೇಲೆ ಮಾವ ಹಾಲಿನ ಟ್ಯಾಂಕರ್ ಲಾರಿ ಓಡಿಸತೊಡಗಿದ. ಹಿಮ ಬೀಳಲಿ, ಮಂಜು ಕವಿಯಲಿ, ಒಂದು ದಿನವೂ ಒಬ್ಬ ರೈತನ ಮನೆಯನ್ನೂ ತಪ್ಪಿಸಿದವನಲ್ಲ. ಇದನ್ನು ನಾನು ಅಪ್ಪನಿಗೆ ಎತ್ತಿ ಹೇಳಿದೆ.

"ಹಾಲಿನ ವಾಸನೆ ಹಿಡ್ಕೊಂಡು ಹೋಗ್ತಾನೆ ಬಿಡು," ಅಂದ ಅಪ್ಪ.

ಅತ್ತೆಗೆ ಐವತ್ತು ತುಂಬಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅವರು ಇದ್ದದ್ದು ಹಳೆಯ ಡೈರಿಯ ಮಹಡಿಯ ಮೇಲೆ, ಕಂಬ ನೆಡಲು ಅಂಗಳವಿಲ್ಲ. ಹಾಗಾಗಿ ಹಬ್ಬ ನಮ್ಮ ಮನೆಯಲ್ಲೇ. ಬೆಳಿಗ್ಗೆ ಎಲ್ಲರೂ ಕಂಬದ ಸುತ್ತ ನಿಂತಾಗ ಅತ್ತೆ ಅಪ್ಪನ ತೋಳು ಹಿಡಿದುಕೊಂಡಳು.

"ಎಸ್ಕಿಲ್, ಇವತ್ತೊಂದಿನ ಹೆರ್ಲುಫ್ ಏರಿಸ್ಲಿ ಕಣೋ. ನನ್ನ ಹುಟ್ಟುಹಬ್ಬ ತಾನೇ?"

"ಅದ್ಹೇಗಾಗುತ್ತಕ್ಕ? ಅಪ್ಪ ಮಾಡಿದ ಕಟ್ಟಳೆ," ಅಪ್ಪ ನಗುತ್ತಲೇ ಹೇಳಿದ. "ಆಮೇಲೆ ಧ್ವಜ ಹಸುವಿನ ಕೊಂಬಿಗೆ ಕಟ್ಟಿಬಿಟ್ರೆ?"

ಅತ್ತೆಯ ಮುಖ ಕೆಂಪಾಯಿತು. "ನೀನೊಂದ್ ಮಾತು ಕೇಳ್ಕೋ..." ಅಂತ ಶುರು ಮಾಡಿದಳು. ಮಾವ ಅವಳ ಬೆನ್ನ ಮೇಲೆ ಕೈಯಿಟ್ಟು, "ಇರ್ಲಿ ಬಿಡೆ, ಕಾಫಿ ಆರುತ್ತೆ" ಅಂದ. ಅತ್ತೆ ಅಪ್ಪನ ತೋಳು ಬಿಟ್ಟಳು.

ಅವಳು ಹೋದದ್ದು ಮಾವನಿಗೆ ಪಿಂಚಣಿ ಬಂದ ಮೇಲೆ. ಕಾಯಿಲೆ ಉದ್ದವಾಗಿರಲಿಲ್ಲ, ಅದೊಂದು ಪುಣ್ಯ. ನಮ್ಮಲ್ಲಿ ಸಾವಿನ ದಿನ ಧ್ವಜವನ್ನು ಅರ್ಧಕ್ಕೆ ಹಾರಿಸಿ, ಮಣ್ಣು ಮಾಡಿ ಬಂದ ಮೇಲೆ ಪೂರ್ತಿ ಏರಿಸಬೇಕು. ಅಂದೂ ಹಗ್ಗ ಎಳೆದವನು ಅಪ್ಪನೇ. ಮಾವ ಕರಿ ಕೋಟು ತೊಟ್ಟು ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದ. ಕೈಗಳು ಎರಡೂ ಪಕ್ಕದಲ್ಲಿ ಜೋತುಬಿದ್ದಿದ್ದವು. ಹೆಂಡತಿಯನ್ನು ಕಳಿಸಿಕೊಟ್ಟ ದಿನವೂ ಹಗ್ಗ ಸಿಗದ ಆ ಕೈಗಳನ್ನು ನೋಡಿ ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಾತ್ರಿ ಊಟಕ್ಕೆ ನಾನು ಅಪ್ಪನ ಎದುರು ಕೂರಲಿಲ್ಲ.

ಎರಡು ಚಳಿಗಾಲ ಕಳೆಯಿತು. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ಹೊಸ ಯಂತ್ರಗಳಿಂದ ದೇಶದ ಗುಡ್ಡಗಳನ್ನೆಲ್ಲ ಮತ್ತೆ ಅಳೆದಿದ್ದಾರೆ. ಮನುಷ್ಯರು ಪೇರಿಸಿದ ಮಣ್ಣು ಲೆಕ್ಕಕ್ಕಿಲ್ಲ, ಆದ್ದರಿಂದ ಯುಡಿಂಗ್‌ನವರ ಗೋರಿ ಲೆಕ್ಕಕ್ಕಿಲ್ಲ. ಅಷ್ಟು ಕೇಳಿ ಅಪ್ಪ ಮೇಜು ಗುದ್ದಿದ. ಮುಂದಿನ ಮಾತಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಗೋಪುರದ ಗುಡ್ಡವೂ ಅಲ್ಲ. ಅದರ ಪಕ್ಕದ ಗೋಮಾಳದಲ್ಲಿರುವ ಮೋಲೆಹೋಯ್, ಅಂದರೆ ನಮ್ಮ ಗಿರಣಿ ದಿಬ್ಬವೇ ದೇಶಕ್ಕೆಲ್ಲ ಎತ್ತರ. ಗೋಪುರದ ಗುಡ್ಡಕ್ಕಿಂತ ಒಂದು ಮೊಳ ಹೆಚ್ಚು.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಅಜ್ಜ ಬದುಕಿನುದ್ದಕ್ಕೂ ಆ ದಿಬ್ಬದ ಪಕ್ಕದಲ್ಲೇ ನಿಂತು ಯುಡಿಂಗ್ ಕಡೆಗೆ ಮುಷ್ಟಿ ತೋರಿಸಿದ್ದ.

ಅಪ್ಪ ಆ ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ನನ್ನ ಅಪ್ಪ ಬಾಯಿಬಡುಕ ಹೌದು, ಕೆಟ್ಟವನಲ್ಲ. ಕೊನೆಗೆ ಮಾವನಿಗೆ ಫೋನ್ ಮಾಡಿದ.

"ಭಾವ, ರೇಡಿಯೋ ಕೇಳಿದ್ಯಾ?"

"ಕೇಳ್ದೆ."

"ಸಂವಿಧಾನದ ದಿನ ಎಲ್ಲಾರೂ ಗಿರಣಿ ದಿಬ್ಬಕ್ಕೆ ಹೋಗೋಣ. ಬಟ್ಟಲು ನಾನು ತರ್ತೀನಿ. ಧ್ವಜಾನೂ."

"ಬರ್ತೀನಿ," ಅಂದ ಮಾವ.

ಜೂನ್ ಬಂತು, ಮಳೆಯೂ ಬಂತು. ಪಶ್ಚಿಮದ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಹೊಡೆಯುತ್ತಿತ್ತು. ಕಾರಿನಲ್ಲಿ ಹತ್ತಿರದವರೆಗೆ ಹೋಗೋಣವೆಂದರೆ ಮಾವ ಒಪ್ಪಲಿಲ್ಲ. ರಬ್ಬರ್ ಬೂಟು ಹಾಕಿ, ಕೋಲು ಹಿಡಿದು, ಹಳೆಯ ಡೈರಿಯ ಕಡೆಯಿಂದ ಹೊಲಗಳ ಮೇಲೇ ಹೊರಟ. ನಾನು, ಅಪ್ಪ, ಅಮ್ಮ ಹಿಂದೆ ಹಿಂದೆ. ಗೋಧಿಯ ಗರಿ ಮೊಣಕಾಲಿಗೆ ಒರೆಸಿ ಬೂಟಿನೊಳಗೆಲ್ಲ ನೀರು. ಕನ್ನಡಕದ ಮೇಲೆ ನೀರು ಇಳಿದು ಅಪ್ಪನಿಗೆ ಏನೂ ಕಾಣುತ್ತಿರಲಿಲ್ಲ.

"ಭಾವ, ದಾರಿ ಇದೇ ತಾನೇ?" ಅಂದ. ಈ ಸಲ ಅವನು ನಿಜವಾಗಿ ಕೇಳುತ್ತಿದ್ದ.

"ಇದೇ," ಅಂದ ಮಾವ.

ನೆಲ ಏರಿತು, ಏರುವುದು ನಿಂತಿತು. ಹಸುಗಳು ಗಾಳಿಗೆ ಬೆನ್ನು ಒಡ್ಡಿಕೊಂಡು ನಿಂತಿದ್ದವು. ಅತ್ತ ಗೋಪುರ ಇದ್ದೂ ಇಲ್ಲದ ಹಾಗೆ ಮಬ್ಬಾಗಿ ಕಾಣುತ್ತಿತ್ತು. ಅಪ್ಪ ಹೆಗಲ ಮೇಲೆ ಹೊತ್ತು ತಂದಿದ್ದ ಧ್ವಜದ ಕೋಲನ್ನು ನೆಲಕ್ಕೆ ಊರಿದ. ಕೋಟಿನ ಒಳಜೇಬಿನಿಂದ ಅಜ್ಜನ ಬೆಳ್ಳಿ ಬಟ್ಟಲು ತೆಗೆದು, ಸ್ನಾಪ್ಸ್ ಸುರಿದು, ಗಂಟಲು ಸರಿಮಾಡಿಕೊಂಡ. ಭಾಷಣ ಸಿದ್ಧ ಮಾಡಿಕೊಂಡು ಬಂದಿದ್ದ ಅಂತ ಕಾಣುತ್ತದೆ, ಗಾಳಿಗೆ ಅರ್ಧ ಹಾರಿಹೋಯಿತು.

"ಭಾವ, ನಮ್ಮಪ್ಪ ತಪ್ಪು ಗುಡ್ಡದ ಮೇಲೆ ನಿಂತಿದ್ದ. ನಾನೂ ಅಲ್ಲೇ ನಿಂತಿದ್ದೆ. ಸರಿಯಾದ ಜಾಗದಲ್ಲಿ ನಿಂತೋನು ನೀನೊಬ್ನೇ. ಇಷ್ಟು ವರ್ಷ ನಿನ್ನ ನೋಡಿ ನಕ್ಕಿದ್ದಕ್ಕೆ... ತಗೋ. ಇದು ನಿಂದು."

ಅಮ್ಮ ಕಣ್ಣೊರೆಸಿಕೊಂಡಳು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಮಾವ ಬಟ್ಟಲಿಗೆ ಕೈ ಚಾಚಲಿಲ್ಲ.

"ಇದು ನಂದಲ್ಲ ಎಸ್ಕಿಲ್," ಅಂದ. "ಬೋದಿಲ್‌ದು."

"ಹಾಗಂದ್ರೆ?"

ಮಾವ ಎಂದಿನ ಹಾಗೆ ನಿಧಾನವಾಗಿ ಮಾತು ಹುಡುಕಿದ. "ಆವತ್ತು ನೀವು ಹಾಡ್ತಾ ಇದ್ದದ್ದು ನಂಗೆ ಕೇಳಿಸ್ತು. ಆ ಕಡೆಯಿಂದ. ಗೋಪುರ ಅಲ್ಲಿದೆ ಅಂದೆ. ಅವ್ಳು ಕೇಳ್ಲಿಲ್ಲ. 'ಅದು ಯುಡಿಂಗ್‌ನೋರ ಹಾಡು, ಗಾಳೀಲಿ ಬರ್ತಿದೆ. ನಾನು ಇಲ್ಲಿ ಹುಟ್ಟಿದೋಳು, ನೀನು ಸುಮ್ನೆ ಬಾ' ಅಂದ್ಳು. ನಾನು ಹಿಂದೆ ಹೋದೆ. ಈ ಜಾಗ ಹಿಡಿದೋಳು ಅವ್ಳು."

ಅಪ್ಪನ ಕೈಯಲ್ಲಿ ಬಟ್ಟಲು ಹಾಗೇ ಇತ್ತು, ಅದರೊಳಗೆ ಮಳೆ ಬೀಳುತ್ತಿತ್ತು.

"ಮತ್ತೆ ನೀನ್ಯಾಕೆ ನಂದು ತಪ್ಪು ಅಂದೆ?"

"ನಿಮ್ಮಪ್ಪ ಕಣ್ಣು ಕಟ್ಟಿ ಬಿಟ್ರೂ ಅವ್ಳು ಗೋಪುರ ಮುಟ್ತಾಳೆ ಅಂತ ಊರಿಗೆಲ್ಲ ಸಾರಿದೋನು. ಬೇಲಿ ಹತ್ರ ಬಂದಾಗ ಅವ್ಳ ಮುಖ ನೋಡ್ದೆ. ಬಿಳಿಚಿಕೊಂಡಿತ್ತು. ನಾನು ಹೇಗಿದ್ರೂ ಬಯಲಿನವನು, ನಾನು ದಾರಿ ತಪ್ಪಿದ್ರೆ ಯಾರಿಗೇನು? ಅವ್ಳು ತಪ್ಪಿದ್ರೆ, ನನ್ನ ಸಹವಾಸದಿಂದ ಮಗ್ಳು ಕೆಟ್ಳು ಅಂತಿದ್ದ. ಆಮೇಲೆ ಎಷ್ಟೋ ಸಲ ಹೇಳ್ಬಿಡ್ತೀನಿ ಅಂದ್ಳು. ನಿಮ್ಮಪ್ಪ ಇರೋವರ್ಗೂ ಬೇಡ ಅಂದೆ. ಅವ್ನು ಹೋದ್ಮೇಲೆ, 'ಎಸ್ಕಿಲ್ ನೊಂದ್ಕೋತಾನೆ, ಬೇಡ' ಅಂದೆ. ತಪ್ಪು ಅಂತಿದ್ದಾಗ ನಂದಾಗಿರ್ಲಿ ಅಂತ ಇಟ್ಕೊಂಡಿದ್ದೆ. ಈಗ ಸರಿ ಅಂತಿದೀರಲ್ಲ, ಈಗ ನಾನು ಇಟ್ಕೊಂಡ್ರೆ ಕಳ್ಳತನ ಆಗುತ್ತೆ."

ಅಪ್ಪ ಬಟ್ಟಲನ್ನು ಹುಲ್ಲಿನ ಮೇಲೆ ಇಟ್ಟ. ಧ್ವಜದ ಹಗ್ಗವನ್ನು ಮಾವನ ಕೈಗೆ ಕೊಟ್ಟ. ಮಾವನ ಬೆರಳು ಚಳಿಗೆ ಸೆಟೆದಿದ್ದವು, ಗಂಟು ಹಾಕಲು ನಾನು ನೆರವಾಗಬೇಕಾಯಿತು. ನೆನೆದ ಧ್ವಜ ಮೇಲೇರಿ ಪಟಪಟ ಬಡಿದುಕೊಂಡಿತು. ಮಾವ ಅದನ್ನು ನೋಡುತ್ತ ನಿಂತ. ಅಪ್ಪ ನೋಡಲಿಲ್ಲ. ಅವನು ಹಸುಗಳ ಕಡೆ ತಿರುಗಿ ನಿಂತಿದ್ದ. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಹಾಗಾದ್ರೆ ನಾನು ಪ್ರತೀ ಹುಟ್ಟುಹಬ್ಬಕ್ಕೂ ನಮ್ಮಕ್ಕನ್ನ ಕೂರಿಸ್ಕೊಂಡು ಅವಳನ್ನೇ ಆಡ್ಕೊಂಡೆ," ಅಂದ. "ಅವಳ ಐವತ್ತನೇ ವರ್ಷಕ್ಕೂ. ಒಂದೊಂದ್ ಮಾತೂ ಅವಳಿಗೇ ತಾಗ್ತಿತ್ತಲ್ಲ ಭಾವ."

ಮಾವ ಅವನ ಹತ್ತಿರ ಹೋಗಿ ನಿಂತ. ಬೆನ್ನ ಮೇಲೆ ಕೈಯಿಟ್ಟ.

"ಇಲ್ಲ ಮಾರಾಯ," ಅಂದ. "ಎಲ್ಲಿ ತಾಗ್ತಿತ್ತು? ನಡುವೆ ನಾನಿರ್ತಿದ್ನಲ್ಲ. ಮನೇಗೆ ಹೋಗ್ತಾ ದಾರೀಲಿ ಅವ್ಳೂ ನಗ್ತಿದ್ಳು."

ಅಪ್ಪ ತಲೆಯಾಡಿಸಿ ಮೂಗು ಒರೆಸಿಕೊಂಡ. ಆ ಮಾತನ್ನು ಅವನು ನಂಬಿದ, ನಂಬದೆ ಅವನಿಗೆ ಬೇರೆ ಗತಿಯಿರಲಿಲ್ಲ. ನನಗೆ ಮಾತ್ರ ಕಾಫಿ ಪಾತ್ರೆಯ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದ ಅತ್ತೆ ನೆನಪಾದಳು. ಅಲ್ಲಿ ಅವಳು ನಗುತ್ತಿರಲಿಲ್ಲ. ಮಾವ ನನ್ನ ಕಡೆ ಒಮ್ಮೆ ನೋಡಿದ. ನಾನು ಬಾಯಿ ಬಿಡಲಿಲ್ಲ. ಎಲ್ಲರೂ ಮಳೆಯಲ್ಲೇ ಕೂತು ತಂದಿದ್ದ ಬ್ರೆಡ್ಡು ತಿಂದೆವು.